ಕೈ ಎತ್ತದ ಸೈಕಲ್ ಚಾಂಪಿಯನ್ ಆಲ್ಬರ್ಟ್ ರಿಕ್ಟರ್

ರಿಕ್ಟರ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಭೂಕಂಪದ ಸುದ್ದಿ. ಪತ್ರಿಕೆಗಳಲ್ಲಿ ರಿಕ್ಟರ್ ಮಾಪಕದ ಅಂಕಿಗಳನ್ನು ಓದಿ ಓದಿ ಆ ಹೆಸರು ಬಾಯಿಪಾಠವಾಗಿದೆ. ಆದರೆ ಇಲ್ಲಿ ಹೇಳಹೊರಟಿರುವುದು ಬೇರೊಬ್ಬ ರಿಕ್ಟರನ ಕಥೆ. ಈತ ಜರ್ಮನಿಯ ಸೈಕಲ್ ಸವಾರ. ಹತ್ತೊಂಬತ್ತನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದವನು. ಇಪ್ಪತ್ತೇಳನೇ ವಯಸ್ಸಿನಲ್ಲಿ ಗಡಿಯ ಸಮೀಪದ ಒಂದು ಸೆರೆಮನೆಯಲ್ಲಿ ಹೆಣವಾದವನು. ಆತ ಮಾಡಿದ ತಪ್ಪೆಂದರೆ, ಹಿಟ್ಲರನ ಕಾಲದಲ್ಲಿ ಯಹೂದಿಯಾಗಿದ್ದ ತನ್ನ ಗುರುವಿನ ಕೈ ಬಿಡದೇ ಇದ್ದದ್ದು.

ಸೈಕಲ್ ನಮಗೆಲ್ಲ ಗೊತ್ತಿರುವ ವಾಹನ. ಸೈಕಲ್ ಸವಾರನೊಬ್ಬ ಒಂದು ಸರ್ಕಾರಕ್ಕೆ ಬೇಡದವನಾಗುವುದು ಹೇಗೆ ಎಂದು ಆಶ್ಚರ್ಯವಾಗಬಹುದು. ಆಲ್ಬರ್ಟ್ ರಿಕ್ಟರನ ಬದುಕನ್ನು ಮೊದಲಿನಿಂದ ನೋಡಿದರೆ ಅದು ಅರ್ಥವಾಗುತ್ತದೆ.

ಪಿಟೀಲು ಕಲಿತ ಹುಡುಗ

ಆಲ್ಬರ್ಟ್ ರಿಕ್ಟರ್ ಹುಟ್ಟಿದ್ದು 1912ರ ಅಕ್ಟೋಬರ್ 14ರಂದು, ಜರ್ಮನಿಯ ಕೊಲೋನ್ ನಗರದಲ್ಲಿ. ರೈನ್ ನದಿಯ ದಡದ ಈ ಹಳೆಯ ನಗರದಲ್ಲಿ ಎಹ್ರೆನ್‌ಫೆಲ್ಡ್ ಎಂಬುದು ಕಾರ್ಖಾನೆಗಳೂ ಕೂಲಿಕಾರರ ಮನೆಗಳೂ ತುಂಬಿದ್ದ ಬಡಾವಣೆ. ರಿಕ್ಟರ್ ಕುಟುಂಬದ ಮನೆ ಅಲ್ಲಿಯೇ ಇತ್ತು. ತಂದೆಗೆ ಪ್ಲಾಸ್ಟರಿನಲ್ಲಿ ಮೂರ್ತಿಗಳನ್ನು ಮಾಡುವ ಕಸುಬು. ಗಂಡುಮಕ್ಕಳು ಸಂಗೀತ ಕಲಿಯಲಿ ಎಂಬುದು ತಂದೆಯ ಆಸೆ. ಅದರಂತೆ ಆಲ್ಬರ್ಟ್ ಪಿಟೀಲು ಕಲಿತ. ಶಾಲೆ ಮುಗಿದ ಮೇಲೆ ತಂದೆಯ ಕಸುಬಿಗೇ ಸೇರಿದ.

ಆದರೆ ಹುಡುಗನ ಮನಸ್ಸು ಇದ್ದದ್ದು ಸೈಕಲ್ಲಿನ ಮೇಲೆ. ಆ ಕಾಲದಲ್ಲಿ ಕೊಲೋನ್ ಎಂದರೆ ಸೈಕಲ್ ರೇಸಿಗೆ ಹೆಸರಾದ ಊರು. ಭಾನುವಾರ ಬಂದರೆ ಸಾವಿರಾರು ಜನ ಟಿಕೆಟ್ ಕೊಂಡು ರೇಸ್ ನೋಡಲು ಹೋಗುತ್ತಿದ್ದರು. ಚಳಿಗಾಲದಲ್ಲಿ ರೇಸ್ ನಡೆಯುವ ಒಳಾಂಗಣ ಸಭಾಂಗಣ ಎಹ್ರೆನ್‌ಫೆಲ್ಡಿನಲ್ಲೇ ಇತ್ತು. ಮನೆಯ ಪಕ್ಕದಲ್ಲೇ ಇಂಥ ಜಾತ್ರೆ ನಡೆಯುವಾಗ ಹುಡುಗ ಸುಮ್ಮನೆ ಕೂರುವುದುಂಟೇ? ಹದಿನಾರನೇ ವಯಸ್ಸಿಗೆ ಆತ ತಂದೆಗೆ ತಿಳಿಸದೆ ರೇಸುಗಳಲ್ಲಿ ಭಾಗವಹಿಸತೊಡಗಿದ. ಒಮ್ಮೆ ಬಿದ್ದು ಭುಜದ ಎಲುಬು ಮುರಿದುಕೊಂಡಾಗ ಗುಟ್ಟು ರಟ್ಟಾಯಿತು. ತಂದೆ ಸಿಟ್ಟಾದರೂ ಹುಡುಗ ಸೈಕಲ್ ಬಿಡಲಿಲ್ಲ.

ಗುರು ಬರ್ಲಿನರ್

ಈ ಹುಡುಗನಲ್ಲಿ ಏನೋ ವಿಶೇಷವಿದೆ ಎಂದು ಗುರುತಿಸಿದವರು ಅರ್ನ್‌ಸ್ಟ್ ಬರ್ಲಿನರ್. ಅವರೂ ಹಿಂದೆ ಸೈಕಲ್ ರೇಸಿನಲ್ಲಿ ಓಡಿದವರು. ಕೊಲೋನಿನಲ್ಲಿ ಪೀಠೋಪಕರಣಗಳ ವ್ಯವಹಾರ ನಡೆಸುತ್ತಿದ್ದರು. ಅದರ ಜೊತೆಗೆ ಎಳೆಯ ಸವಾರರಿಗೆ ತರಬೇತಿ ಕೊಡುವುದು, ಅವರ ಪರವಾಗಿ ರೇಸಿನ ಆಯೋಜಕರೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಅವರ ಕೆಲಸವಾಗಿತ್ತು. ಬರ್ಲಿನರ್ ಯಹೂದಿ, ರಿಕ್ಟರ್ ಕ್ರೈಸ್ತರ ಮನೆಯ ಹುಡುಗ. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಆತನ ಬದುಕನ್ನು ತಿದ್ದಿದವರಲ್ಲಿ ಬರ್ಲಿನರ್ ಅವರ ಹೆಸರೇ ಮೊದಲು ಬರಬೇಕು.

ರಿಕ್ಟರ್ ಆರಿಸಿಕೊಂಡ ಸ್ಪರ್ಧೆಗೆ ಸ್ಪ್ರಿಂಟ್ ಎಂದು ಹೆಸರು. ಫ್ರಾನ್ಸಿನಲ್ಲಿ ವಾರಗಟ್ಟಲೆ ರಸ್ತೆಯ ಮೇಲೆ ನಡೆಯುವ ರೇಸನ್ನು ಟಿವಿಯಲ್ಲಿ ನೋಡಿದವರು ಇರಬಹುದು. ಇದು ಹಾಗಲ್ಲ. ಇದು ನಡೆಯುವುದು ಬಾಣಲೆಯ ಅಂಚಿನಂತೆ ಓರೆಯಾಗಿ ಎದ್ದ ದುಂಡನೆಯ ಟ್ರ್ಯಾಕಿನಲ್ಲಿ. ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ನಡುವೆ ಕಾಲು ನಿಲ್ಲಿಸುವಂತಿಲ್ಲ. ಸಾಮಾನ್ಯವಾಗಿ ಇಬ್ಬರು ಸವಾರರು ಒಟ್ಟಿಗೆ ಹೊರಡುತ್ತಾರೆ. ದೂರ ಸುಮಾರು ಒಂದು ಕಿಲೋಮೀಟರ್. ಮೊದಲು ಇಬ್ಬರೂ ಬೆಕ್ಕಿನಂತೆ ನಿಧಾನ ಹೋಗುತ್ತಾರೆ. ಒಮ್ಮೊಮ್ಮೆ ಸೈಕಲ್ಲಿನ ಮೇಲೆ ಅಲುಗಾಡದೆ ನಿಂತೇ ಬಿಡುತ್ತಾರೆ. ಮುಂದೆ ಹೋದವನಿಗೆ ಗಾಳಿಯ ತಡೆ ಹೆಚ್ಚು, ಹಿಂದಿನವನು ಅವನ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾನೆ. ಹಾಗಾಗಿ ಮೊದಲು ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಯ 200 ಮೀಟರ್ ಹತ್ತಿರ ಬಂದಾಗ ಯಾರಾದರೊಬ್ಬ ಹಾರುತ್ತಾನೆ. ಅಲ್ಲಿಂದ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಕಾಲಿನ ಬಲದಷ್ಟೇ ತಲೆಯ ಚುರುಕೂ ಬೇಕಾದ ಆಟವಿದು. ರಿಕ್ಟರನ ಬಳಿ ಎರಡೂ ಇದ್ದವು.

1932ರ ಗೆಲುವು

1932ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ಮಂದಿ ನಿರುದ್ಯೋಗಿಗಳಿದ್ದರು. ರಿಕ್ಟರನಿಗೂ ಕೆಲಸ ತಪ್ಪಿತ್ತು. ಕೆಲಸವಿಲ್ಲದ ಹುಡುಗನಿಗೆ ಅಭ್ಯಾಸಕ್ಕೆ ಮಾತ್ರ ಬೇಕಾದಷ್ಟು ಸಮಯ ಸಿಕ್ಕಿತು. ಆ ವರ್ಷ ಆತ ಹವ್ಯಾಸಿಗಳ ವಿಭಾಗದಲ್ಲಿ ಪ್ಯಾರಿಸ್ ಗ್ರ್ಯಾನ್ ಪ್ರಿ ಗೆದ್ದ. ಸ್ಪ್ರಿಂಟ್ ಸವಾರರಿಗೆ ಅದು ಬಹು ದೊಡ್ಡ ಗೌರವದ ರೇಸು. ಅದೇ ವರ್ಷ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ಸ್ ಇತ್ತು. ಆದರೆ ಅಷ್ಟು ದೂರ ಕಳುಹಿಸಲು ಹಣವಿಲ್ಲದ ಕಾರಣ ರಿಕ್ಟರನಿಗೆ ಒಲಿಂಪಿಕ್ಸ್ ತಪ್ಪಿಹೋಯಿತು.

ಆ ಬೇಸರವನ್ನು ಆತ ರೋಮ್‌ನಲ್ಲಿ ತೀರಿಸಿಕೊಂಡ. 1932ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹವ್ಯಾಸಿಗಳ ಸ್ಪ್ರಿಂಟ್ ಪ್ರಶಸ್ತಿ ಆತನದಾಯಿತು. ಊರಿಗೆ ಮರಳಿದಾಗ ಕೊಲೋನಿನ ಜನ ಭಾರೀ ಸಂಖ್ಯೆಯಲ್ಲಿ ಸೇರಿ ಸ್ವಾಗತಿಸಿದರು. ಕೆಲಸವಿಲ್ಲದ ಊರಿಗೆ ತಮ್ಮವನೇ ಒಬ್ಬ ವಿಶ್ವ ಚಾಂಪಿಯನ್ ಸಿಕ್ಕಿದ ಸಂಭ್ರಮ ಅದು.

ನಂತರ ಆತ ವೃತ್ತಿಪರ ಸವಾರನಾದ. ಸ್ಪ್ರಿಂಟ್ ಸವಾರರ ರಾಜಧಾನಿ ಆಗ ಪ್ಯಾರಿಸ್. ಬರ್ಲಿನರ್ ಅವರ ಸಲಹೆಯಂತೆ ರಿಕ್ಟರ್ ಅಲ್ಲಿಗೆ ಹೋಗಿ ನೆಲೆಸಿದ. ಭಾಷೆ ಗೊತ್ತಿರಲಿಲ್ಲ. ಪುಸ್ತಕ ಓದಿ, ಸಿನಿಮಾ ನೋಡಿ ಫ್ರೆಂಚ್ ಕಲಿತ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಕಲಿಕೆ ಹೊಸದೇನಲ್ಲ. ಪರಭಾಷೆಯವರ ಮಾತು ತಿಳಿದಷ್ಟೂ ಅವರು ಪರಕೀಯರಾಗಿ ಉಳಿಯುವುದಿಲ್ಲ ಎಂಬುದು ಗಡಿಯಲ್ಲಿ ಇರುವವರಿಗೆ ಗೊತ್ತು. ರಿಕ್ಟರನಿಗೂ ಹಾಗೆಯೇ ಆಯಿತು. ಬೆಲ್ಜಿಯಂನ ಜೆಫ್ ಶೆರೆನ್ಸ್, ಫ್ರಾನ್ಸಿನ ಲೂಯಿ ಜೆರಾರ್ದೆ ಆತನ ಎದುರಾಳಿಗಳು. ಅವರೇ ಆಪ್ತ ಗೆಳೆಯರೂ ಆದರು. ಮೂವರೂ ಒಟ್ಟಿಗೆ ಪ್ರಯಾಣ ಮಾಡುತ್ತಿದ್ದರು. ಟ್ರ್ಯಾಕಿಗೆ ಇಳಿದಾಗ ಮಾತ್ರ ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಿರಲಿಲ್ಲ. ರಿಕ್ಟರನ ಓಟದಲ್ಲಿದ್ದ ಬಲವನ್ನು ಕಂಡ ಜನ ಆತನಿಗೆ ಎಂಟು ಸಿಲಿಂಡರಿನ ಜರ್ಮನ್ ಎಂಜಿನ್ ಎಂಬರ್ಥದ ಅಡ್ಡಹೆಸರು ಇಟ್ಟರು.

ಶೆರೆನ್ಸ್ ಸಾಮಾನ್ಯ ಸವಾರನಲ್ಲ. 1932ರಿಂದ 1937ರವರೆಗೆ ಸತತ ಆರು ವರ್ಷ ವೃತ್ತಿಪರರ ವಿಶ್ವ ಪ್ರಶಸ್ತಿ ಅವನದೇ. ಇಂಥ ಎದುರಾಳಿ ಇದ್ದ ಕಾಲದಲ್ಲಿ ರಿಕ್ಟರ್ 1934 ಮತ್ತು 1935ರಲ್ಲಿ ಎರಡನೆಯವನಾದ. ಉಳಿದ ವರ್ಷಗಳಲ್ಲಿಯೂ ಮೊದಲ ಮೂವರಲ್ಲಿ ಆತನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ತನ್ನ ದೇಶದಲ್ಲಿ ಮಾತ್ರ ಆತನನ್ನು ಸೋಲಿಸುವವರೇ ಇರಲಿಲ್ಲ. 1933ರಿಂದ 1939ರವರೆಗೆ ಏಳು ಸಲ ಜರ್ಮನಿಯ ವೃತ್ತಿಪರ ಸ್ಪ್ರಿಂಟ್ ಚಾಂಪಿಯನ್ ಆದ.

ಬದಲಾದ ದೇಶ

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಕೆಲವೇ ವಾರಗಳಲ್ಲಿ ಯಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ ಹಾಕಲಾಯಿತು. ಕ್ರೀಡಾ ಸಂಘಗಳಿಂದ ಯಹೂದಿಗಳನ್ನು ಹೊರಹಾಕುವುದು ಶುರುವಾಯಿತು. ಬರ್ಲಿನರ್ ಅವರಿಗೆ ಜರ್ಮನಿಯ ಟ್ರ್ಯಾಕುಗಳಲ್ಲಿ ಕೆಲಸ ಮಾಡುವುದು ಕಷ್ಟವಾಯಿತು. ಎಷ್ಟೋ ಮಂದಿ ಇಂಥ ಸಮಯದಲ್ಲಿ ತಮ್ಮ ಯಹೂದಿ ಗೆಳೆಯರನ್ನು ಕಂಡರೂ ಕಾಣದಂತೆ ಸರಿದು ಹೋದರು. ರಿಕ್ಟರನೂ ಹಾಗೆ ಮಾಡಿದ್ದರೆ ಯಾರೂ ಆತನನ್ನು ಪ್ರಶ್ನಿಸುತ್ತಿರಲಿಲ್ಲ. ಹೊಸ ಮ್ಯಾನೇಜರ್ ಸಿಗುವುದೂ ಕಷ್ಟವಿರಲಿಲ್ಲ. ಆದರೆ ಆತ ಬರ್ಲಿನರ್ ಅವರನ್ನೇ ತನ್ನ ಮ್ಯಾನೇಜರ್ ಆಗಿ ಉಳಿಸಿಕೊಂಡ.

1934ರಲ್ಲಿ ಹ್ಯಾನೋವರ್ ನಗರದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದ ರಿಕ್ಟರ್ ಗೌರವ ಸ್ವೀಕರಿಸುವಾಗ ತೆಗೆದ ಒಂದು ಫೋಟೋ ಉಳಿದುಕೊಂಡಿದೆ. ಸುತ್ತ ನಿಂತವರು ಬಲಗೈ ಮುಂದೆ ಚಾಚಿ ಹಿಟ್ಲರ್ ಸೆಲ್ಯೂಟ್ ಹೊಡೆಯುತ್ತಿದ್ದಾರೆ. ನಡುವೆ ನಿಂತ ರಿಕ್ಟರನ ಕೈ ಮಾತ್ರ ಕೆಳಗೇ ಇದೆ. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ದೇಶದ ಸವಾರರಿಗೆ ಸ್ವಸ್ತಿಕ ಚಿಹ್ನೆಯ ಅಂಗಿ ಬಂದಿತ್ತು. ರಿಕ್ಟರ್ ಮಾತ್ರ ಹದ್ದಿನ ಚಿತ್ರವಿದ್ದ ಹಳೆಯ ಅಂಗಿಯನ್ನೇ ತೊಟ್ಟು ಇಳಿದ.

ಇವು ಕೇಳಲು ಸಣ್ಣ ಸಂಗತಿಗಳು. ಆತ ಯಾವ ಪಕ್ಷಕ್ಕೂ ಸೇರಿರಲಿಲ್ಲ, ಭಾಷಣ ಮಾಡಿರಲಿಲ್ಲ, ಕರಪತ್ರ ಹಂಚಿರಲಿಲ್ಲ. ಆದರೆ ಎಲ್ಲರ ಕೈಯೂ ಮೇಲೇಳಬೇಕು ಎಂಬ ಆಡಳಿತದಲ್ಲಿ ಕೆಳಗಿರುವ ಒಂದು ಕೈ ಬೇಗ ಕಣ್ಣಿಗೆ ಬೀಳುತ್ತದೆ.

ಅದೇ ಕೊಲೋನ್ ನಗರದಲ್ಲಿ ಅದೇ 1912ರಲ್ಲಿ ಹುಟ್ಟಿದ ಇನ್ನೊಬ್ಬ ಸವಾರನಿದ್ದ, ಟೋನಿ ಮೆರ್ಕೆನ್ಸ್. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್ ಚಿನ್ನ ಗೆದ್ದವನು ಅವನು. ರಿಕ್ಟರ್ ವೃತ್ತಿಪರನಾಗಿದ್ದರಿಂದ ಆಗಿನ ನಿಯಮದಂತೆ ಒಲಿಂಪಿಕ್ಸ್‌ಗೆ ಬರುವಂತಿರಲಿಲ್ಲ. ಮೆರ್ಕೆನ್ಸ್ ಮುಂದೆ ಸೈನಿಕನಾಗಿ ಯುದ್ಧಕ್ಕೆ ಹೋಗಿ, ಗಾಯಗೊಂಡು 1944ರಲ್ಲಿ ತೀರಿಕೊಂಡ. ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರು ಚಾಂಪಿಯನ್ನರಲ್ಲಿ ಒಬ್ಬರನ್ನೂ ಆ ಕಾಲ ಉಳಿಸಲಿಲ್ಲ.

ಗುರು ಗಡಿ ದಾಟಿದರು

1937ರಲ್ಲಿ ಬರ್ಲಿನರ್ ಅವರಿಗೆ ಜರ್ಮನಿಯಲ್ಲಿ ಉಳಿಯುವುದು ಅಸಾಧ್ಯವಾಯಿತು. ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಹಿಂದೆ ಬಿದ್ದಿತ್ತು. ಕುಟುಂಬ ಸಮೇತ ಅವರು ನೆದರ್‌ಲ್ಯಾಂಡ್ಸ್‌ಗೆ ಪಾರಾದರು. ಆಗಲೂ ರಿಕ್ಟರ್ ಸಂಬಂಧ ಕಡಿದುಕೊಳ್ಳಲಿಲ್ಲ. ವಿದೇಶದ ರೇಸುಗಳಿಗೆ ಬರ್ಲಿನರ್ ಅವರ ಮೂಲಕವೇ ಒಪ್ಪಂದಗಳು ನಡೆಯುತ್ತಿದ್ದವು. ಆತ ವರ್ಷದ ಹೆಚ್ಚಿನ ಕಾಲ ಹೊರದೇಶಗಳಲ್ಲಿ ಓಡುತ್ತ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಾಗಿ ತಪ್ಪದೆ ಜರ್ಮನಿಗೆ ಬಂದು ಗೆದ್ದು ಹೋಗುತ್ತಿದ್ದ. ಆಡಳಿತಕ್ಕೆ ಇದೊಂದು ತಲೆನೋವು. ದೇಶದ ಅತ್ಯುತ್ತಮ ಸ್ಪ್ರಿಂಟ್ ಸವಾರ ಅವನೇ, ಹೇಳಿದ ಮಾತು ಕೇಳದವನೂ ಅವನೇ. ಹೊರದೇಶಗಳಿಗೆ ಹೋದಾಗ ಬೇಹುಗಾರಿಕೆ ಮಾಡಿಕೊಡುವಂತೆ ಆತನನ್ನು ಕೇಳಲಾಗಿತ್ತು, ಆತ ಒಪ್ಪಲಿಲ್ಲ ಎಂದು ಆತನ ಬಗ್ಗೆ ಬರೆದವರು ಹೇಳುತ್ತಾರೆ.

1938ರ ನವೆಂಬರ್‌ನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಲಾಯಿತು, ಅಂಗಡಿಗಳನ್ನು ಪುಡಿ ಮಾಡಲಾಯಿತು. ದೇಶ ಬಿಟ್ಟು ಹೋಗಬಯಸುವ ಯಹೂದಿಗಳೂ ತಾವು ದುಡಿದ ಹಣವನ್ನು ಒಯ್ಯುವಂತಿರಲಿಲ್ಲ. ಬರಿಗೈಯಲ್ಲಿ ಹೊರಬಿದ್ದವರು ಪರದೇಶದಲ್ಲಿ ಬದುಕುವುದು ಹೇಗೆ? ಇಂಥವರಿಗೆ ಅವರದೇ ಹಣ ತಲುಪಿಸುವುದು ಕಾನೂನಿನ ಕಣ್ಣಿನಲ್ಲಿ ದೊಡ್ಡ ಅಪರಾಧವಾಗಿತ್ತು.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಆಗ ಇಟಲಿಯ ಮಿಲಾನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಯುದ್ಧದ ಸುದ್ದಿ ಬಂದು ಕೂಟ ಅರ್ಧಕ್ಕೇ ನಿಂತಿತು. ಒಟ್ಟಿಗೆ ಉಂಡು ಓಡಾಡುತ್ತಿದ್ದ ಗೆಳೆಯರು ಒಂದೇ ದಿನದಲ್ಲಿ ಬೇರೆ ಬೇರೆ ದೇಶಗಳ ಪಾಲಾದರು. ಸೇನೆಗೆ ಕರೆ ಬಂದರೆ ಫ್ರಾನ್ಸಿನ ಗೆಳೆಯರ ಮೇಲೆಯೇ ಗುಂಡು ಹಾರಿಸಬೇಕಾಗುತ್ತದೆ ಎಂಬ ಸಂಕಟ ರಿಕ್ಟರನನ್ನು ಕಾಡಿತು. ಜರ್ಮನಿ ಬಿಡುವುದೆಂದು ಆತ ನಿರ್ಧರಿಸಿದ.

ಟೈರಿನೊಳಗಿನ ಹಣ

1939ರ ಡಿಸೆಂಬರ್ 9ರಂದು ಬರ್ಲಿನ್‌ನಲ್ಲಿ ಆತನ ಕೊನೆಯ ರೇಸು. ಗೆದ್ದವನು ರಿಕ್ಟರನೇ. ಅದಾಗಿ ಮೂರು ವಾರಗಳ ನಂತರ, ಡಿಸೆಂಬರ್ 31ರಂದು, ಆತ ಸ್ವಿಟ್ಜರ್‌ಲ್ಯಾಂಡಿನ ಕಡೆ ಹೋಗುವ ರೈಲು ಹತ್ತಿದ. ಜೊತೆಗೆ ಪೆಟ್ಟಿಗೆ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳು ಮತ್ತು ರೇಸಿನ ಸೈಕಲ್. ಚಳಿಗಾಲದ ರಜೆಗೆ ಹೊರಟವನಂತೆ ಕಾಣುವ ಸರಂಜಾಮು ಅದು.

ಸೈಕಲ್ಲಿನ ಟೈರಿನಲ್ಲಿ 12,700 ಮಾರ್ಕ್ ನೋಟುಗಳಿದ್ದವು. ಮೊದಲೇ ಸ್ವಿಟ್ಜರ್‌ಲ್ಯಾಂಡಿಗೆ ಪಾರಾಗಿದ್ದ ಕೊಲೋನಿನ ಒಬ್ಬ ಯಹೂದಿ ವ್ಯಾಪಾರಿಯ ಹಣ ಅದು. ಆತ ರಿಕ್ಟರನ ಸ್ನೇಹಿತ. ಟೈರಿನಲ್ಲಿ ಹಣ ಅಡಗಿಸುವುದು ಹೇಗೆ ಎಂದು ಕೇಳಬಹುದು. ನಮ್ಮ ಮನೆಯ ಸೈಕಲ್ಲಿನ ಟೈರು ಬೇರೆ, ಟ್ಯೂಬು ಬೇರೆ. ರೇಸಿನ ಸೈಕಲ್ಲಿನದು ಹಾಗಲ್ಲ. ತೆಳ್ಳಗಿನ ಟ್ಯೂಬನ್ನು ಬಟ್ಟೆಯ ಟೈರಿನೊಳಗೆ ಇಟ್ಟು ದಾರದಿಂದ ಹೊಲಿದು, ಇಡೀ ಟೈರನ್ನು ರಿಮ್ಮಿಗೆ ಅಂಟಿಸುತ್ತಾರೆ. ಪಂಕ್ಚರ್ ಆದರೆ ಹೊಲಿಗೆ ಬಿಚ್ಚಿ, ತೇಪೆ ಹಾಕಿ ಮತ್ತೆ ಹೊಲಿಯಬೇಕು. ರೇಸಿನವರಿಗೆ ಇದು ಅಭ್ಯಾಸದ ಕೆಲಸ. ಹಾಗೆ ಹೊಲಿದ ಟೈರಿನೊಳಗೆ ಏನಿದೆಯೆಂದು ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ.

ಗಡಿಯ ಕೊನೆಯ ಜರ್ಮನ್ ಊರು ವೈಲ್ ಆಮ್ ರೈನ್. ಅದರಾಚೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರ. ಫ್ರಾನ್ಸಿನ ಗಡಿಯೂ ಅಲ್ಲೇ ಪಕ್ಕದಲ್ಲಿದೆ. ಕೆಲವೇ ನಿಮಿಷ ಕಳೆದಿದ್ದರೆ ರಿಕ್ಟರ್ ಪಾರಾಗುತ್ತಿದ್ದ. ಆದರೆ ಅಲ್ಲಿ ಆತನನ್ನು ರೈಲಿನಿಂದ ಇಳಿಸಲಾಯಿತು. ಅದೇ ರೈಲಿನಲ್ಲಿ ಡಚ್ ಸವಾರರಾದ ಕೊರ್ ವಾಲ್ಸ್ ಮತ್ತು ಕೇಸ್ ಪೆಲೆನಾರ್ಸ್ ಪ್ರಯಾಣ ಮಾಡುತ್ತಿದ್ದರು. ಅವರು ಕಂಡಂತೆ, ಪೊಲೀಸರು ಪೆಟ್ಟಿಗೆಯನ್ನು ತಡಕಾಡುವ ಗೋಜಿಗೇ ಹೋಗದೆ ನೇರವಾಗಿ ಸೈಕಲ್ಲಿನ ಟೈರನ್ನೇ ಕುಯ್ದರು. ಎಲ್ಲಿ ಏನಿದೆ ಎಂದು ಅವರಿಗೆ ಮೊದಲೇ ತಿಳಿದಿತ್ತು ಎಂದೇ ಇದರರ್ಥ. ಗೊತ್ತಿದ್ದವರು ಯಾರೋ ಸುಳಿವು ಕೊಟ್ಟಿದ್ದರು. ಅದು ಯಾರೆಂಬ ಬಗ್ಗೆ ಅನುಮಾನಗಳಿದ್ದರೂ ಯಾರ ಮೇಲೂ ಅದು ಸಾಬೀತಾಗಲಿಲ್ಲ.

ರಿಕ್ಟರನನ್ನು ಹತ್ತಿರದ ಲೋರಾಖ್ ಊರಿನ ಸೆರೆಮನೆಗೆ ಒಯ್ದರು. ವಿಷಯ ತಿಳಿದು ಸಹೋದರ ಯೋಸೆಫ್ ನೋಡಲು ಬಂದ. ಆಲ್ಬರ್ಟ್ ನೇಣು ಹಾಕಿಕೊಂಡು ಸತ್ತಿದ್ದಾನೆ ಎಂಬ ಉತ್ತರ ಸಿಕ್ಕಿತು. ಸಾವಿನ ದಿನಾಂಕ 1940ರ ಜನವರಿ 2. ಸಹೋದರ ನಂತರ ಹೇಳಿದ ಪ್ರಕಾರ, ತಾನು ಕಂಡ ದೇಹದಲ್ಲಿ ರಕ್ತವಿತ್ತು, ಕೋಟಿನಲ್ಲಿ ತೂತುಗಳಿದ್ದವು. ಹೊರಗೆ ಬಂದ ಸುದ್ದಿಯೂ ಒಂದೇ ತೆರನಾಗಿರಲಿಲ್ಲ. ಒಂದು ಕಡೆ ಸ್ಕೀ ಅಪಘಾತ ಎಂದಾಯಿತು, ಇನ್ನೊಂದು ಕಡೆ ಗುಂಡೇಟು ಎಂದಾಯಿತು, ಕೊನೆಗೆ ಆತ್ಮಹತ್ಯೆ ಎಂದೇ ನಿಂತಿತು. ಒಂದು ಸಾವಿಗೆ ಇಷ್ಟು ಕಾರಣಗಳು ಹುಟ್ಟಿದಾಗ ಜನರಿಗೆ ಅರ್ಥವಾಗಬೇಕಾದದ್ದು ಅರ್ಥವಾಗುತ್ತದೆ. ಗೆಸ್ಟಾಪೊ ಕೈಯಲ್ಲಿಯೇ ಆತನ ಪ್ರಾಣ ಹೋಯಿತು ಎಂಬುದು ಕುಟುಂಬದವರ, ಗೆಳೆಯರ ಹಾಗೂ ಆತನ ಬಗ್ಗೆ ಅಧ್ಯಯನ ಮಾಡಿದ ಹಲವರ ನಂಬಿಕೆ. ಆದರೆ ನ್ಯಾಯಾಲಯದಲ್ಲಿ ಅದು ಎಂದೂ ತೀರ್ಮಾನವಾಗಲಿಲ್ಲ.

ಅಳಿಸಿದ ಹೆಸರು

ಜರ್ಮನಿಯ ಸೈಕಲ್ ಸಂಘದ ಪತ್ರಿಕೆ ಆತನನ್ನು ಕಳ್ಳಸಾಗಣೆದಾರ ಎಂಬಂತೆ ಚಿತ್ರಿಸಿ, ಆತನ ಹೆಸರನ್ನು ತಮ್ಮ ನಡುವಿನಿಂದ ಶಾಶ್ವತವಾಗಿ ಅಳಿಸಲಾಗಿದೆ ಎಂದು ಪ್ರಕಟಿಸಿತು. ಏಳು ಸಲ ರಾಷ್ಟ್ರೀಯ ಚಾಂಪಿಯನ್ ಆದವನಿಗೆ ಸಂಘ ಸಲ್ಲಿಸಿದ ಶ್ರದ್ಧಾಂಜಲಿ ಇಷ್ಟೆ. ದೇಹವನ್ನು ಕೊಲೋನಿಗೆ ತಂದು ಎಹ್ರೆನ್‌ಫೆಲ್ಡಿನ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.

ಆ ಅಳಿಸುವ ಕೆಲಸ ಎಷ್ಟು ಚೆನ್ನಾಗಿ ನಡೆಯಿತೆಂದರೆ, 1945ರಲ್ಲಿ ಹಿಟ್ಲರನ ಆಡಳಿತ ಮಣ್ಣುಪಾಲಾದ ಮೇಲೂ ಬಹಳ ಕಾಲ ರಿಕ್ಟರನ ಹೆಸರೆತ್ತುವವರು ಕಡಿಮೆ. ಬರ್ಲಿನರ್ ನೆದರ್‌ಲ್ಯಾಂಡ್ಸ್‌ನಲ್ಲಿ ಅಡಗಿ ಬದುಕುಳಿದು, ಯುದ್ಧದ ನಂತರ ಅಮೆರಿಕಕ್ಕೆ ಹೋಗಿ ನೆಲೆಸಿದ್ದರು. ಶಿಷ್ಯನನ್ನು ಅವರು ಮರೆಯಲಿಲ್ಲ. ಸಾವಿನ ತನಿಖೆಯಾಗಲಿ ಎಂದು 1960ರ ದಶಕದಲ್ಲಿ ಜರ್ಮನಿಯ ಸರ್ಕಾರಿ ವಕೀಲರ ಕಚೇರಿಗೆ ದೂರು ಕೊಟ್ಟರು. ಅಷ್ಟರಲ್ಲಿ ಕಾಲು ಶತಮಾನವೇ ಕಳೆದಿತ್ತು. ವಿಚಾರಣೆ ಯಾವ ಫಲವನ್ನೂ ಕೊಡದೆ ಮುಚ್ಚಿಹೋಯಿತು. ಶಿಷ್ಯ ಗುರುವಿನ ಕೈ ಬಿಡಲಿಲ್ಲ, ಗುರುವೂ ಶಿಷ್ಯನ ಕೈ ಬಿಡಲಿಲ್ಲ ಎಂಬುದಷ್ಟೇ ಅದರಿಂದ ಉಳಿದ ಮಾತು.

ಹೆಸರು ಮತ್ತೆ ಎದ್ದು ಬಂದದ್ದು ತಡವಾಗಿ. 1990ರ ಸುಮಾರಿಗೆ ಆತನ ಬಗ್ಗೆ ಸಾಕ್ಷ್ಯಚಿತ್ರ ಬಂತು. 1998ರಲ್ಲಿ ರೆನಾಟೆ ಫ್ರಾಂಟ್ಸ್ ಎಂಬ ಲೇಖಕಿ ಆತನ ಜೀವನಚರಿತ್ರೆ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಆತನನ್ನು ಮರೆತುಹೋದ ವಿಶ್ವ ಚಾಂಪಿಯನ್ ಎಂದು ಕರೆದಿದ್ದಾರೆ. ಕೊಲೋನಿನ ಮ್ಯುಂಗರ್ಸ್‌ಡಾರ್ಫ್ ಭಾಗದಲ್ಲಿರುವ ಸೈಕಲ್ ಟ್ರ್ಯಾಕಿಗೆ 1990ರ ದಶಕದಲ್ಲಿ ಆಲ್ಬರ್ಟ್ ರಿಕ್ಟರ್ ಹೆಸರಿಡಲಾಯಿತು. 2008ರಲ್ಲಿ ಜರ್ಮನಿಯ ಕ್ರೀಡಾ ಗೌರವ ಪಟ್ಟಿಯಲ್ಲಿ ಆತನಿಗೆ ಸ್ಥಾನ ಸಿಕ್ಕಿತು.

ರಿಕ್ಟರನ ಪದಕಗಳನ್ನು ಎಣಿಸಿದರೆ ಆತನಿಗಿಂತ ಹೆಚ್ಚು ಗೆದ್ದವರು ಸಿಗುತ್ತಾರೆ. ಗೆಳೆಯ ಶೆರೆನ್ಸ್ ಒಬ್ಬನೇ ಸಾಕು. ಆದರೂ ಇಂದು ಆತನನ್ನು ನೆನೆಯುವುದು ಪದಕಗಳಿಗಾಗಿ ಮಾತ್ರ ಅಲ್ಲ. ಸೈಕಲ್ ಕಲಿಸಿದವರನ್ನು ಗುರು ಎಂದು ಒಮ್ಮೆ ಒಪ್ಪಿಕೊಂಡ ಮೇಲೆ, ಅವರ ಮತ ಯಾವುದು ಎಂದು ಸರ್ಕಾರ ಕೇಳಿದರೂ ಆತ ಆ ಲೆಕ್ಕಕ್ಕೆ ಬೆಲೆ ಕೊಡಲಿಲ್ಲ. ಸ್ನೇಹಿತ ಕಷ್ಟದಲ್ಲಿದ್ದಾಗ ಅವನ ಹಣವನ್ನು ಅವನಿಗೇ ತಲುಪಿಸಲು ಹೊರಟ. ಬೇರೆ ಕಾಲದಲ್ಲಾಗಿದ್ದರೆ ಇದು ಯಾರೂ ಮಾಡುವ ಸಾಮಾನ್ಯ ಉಪಕಾರ. ಆ ಕಾಲದಲ್ಲಿ ಅದಕ್ಕೆ ಪ್ರಾಣವನ್ನೇ ತೆರಬೇಕಾಯಿತು.

ಕೊಲೋನಿನ ಎಳೆಯ ಸವಾರರು ಅಭ್ಯಾಸ ಮಾಡುವ ಟ್ರ್ಯಾಕಿನ ಮೇಲೆ, ಶಾಶ್ವತವಾಗಿ ಅಳಿಸಿದ್ದೇವೆ ಎಂದು ಸಂಘ ಸಾರಿದ್ದ ಅದೇ ಹೆಸರು ಇದೆ.